ಕಾನ್ಸಾಸ್ ಬಯಲಲ್ಲಿ ಸೈಕಲ್ ಪ್ರವಾಸ: 12 ದಿನ ಸಾಕಾ? ಗಾಳಿ, ನೀರು, ಊಟದ ಬಗ್ಗೆ ಕೇಳಬೇಕಿತ್ತು

ಮಂಡ್ಯದ_ಸವಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಕಾನ್ಸಾಸ್ ಸಿಟಿ ಪಕ್ಕದ ಓವರ್‌ಲ್ಯಾಂಡ್ ಪಾರ್ಕ್ ಅನ್ನುವ ಊರಿನಲ್ಲಿ. ಶನಿವಾರ, ಭಾನುವಾರ 40 ಮೈಲಿ ಸೈಕಲ್ ತುಳಿಯುವುದು ಮೂರು ವರ್ಷದಿಂದ ರೂಢಿ. ಸಾಮಾನು ಕಟ್ಟಿಕೊಂಡು ಹೋಗಿ ಟೆಂಟಿನಲ್ಲಿ ಮಲಗಿದ್ದು ಮಾತ್ರ ಎರಡೇ ಸಲ. ಎರಡು ಸಲವೂ ಮಳೆ.

ಬರುವ ಜೂನ್‌ನಲ್ಲಿ 12 ದಿನ ರಜೆ ಸಿಗುತ್ತದೆ. ಟ್ರಾನ್ಸ್‌ಆಮ್ ದಾರಿ ಇದೆಯಲ್ಲ, ಆರೆಗನ್‌ನ ಅಸ್ಟೋರಿಯಾದಿಂದ ವರ್ಜೀನಿಯಾದ ಯಾರ್ಕ್‌ಟೌನ್‌ವರೆಗೆ, 1976ರಲ್ಲಿ ದೇಶಕ್ಕೆ ಇನ್ನೂರು ವರ್ಷ ತುಂಬಿದಾಗ ಮಾಡಿದ್ದು. ಅಷ್ಟೂ 4,200 ಮೈಲಿ ತುಳಿಯುವ ತಾಕತ್ತು ನನಗಿಲ್ಲ. ನಡುವಿನ ಬಯಲಿನ ತುಂಡು ಮಾತ್ರ ಮಾಡೋಣ ಅಂತ. ಪಿಟ್ಸ್‌ಬರ್ಗಿನಿಂದ (ಪೆನ್ಸಿಲ್ವೇನಿಯಾದ್ದಲ್ಲ, ನಮ್ಮ ಕಾನ್ಸಾಸಿನದು) ಕೊಲೊರಾಡೊದ ಪ್ವೆಬ್ಲೊವರೆಗೆ. ಆರುನೂರು ಮೈಲಿಗೂ ಸ್ವಲ್ಪ ಜಾಸ್ತಿ.

ಹೆಂಡತಿ ಕೇಳುತ್ತಾಳೆ: "ಅಲ್ಲಿ ನೋಡೋಕೆ ಏನಿದೆ ಅಂತ ಹೋಗ್ತೀರ?" ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕಾರಿನಲ್ಲಿ ಹೋದಾಗ ನಾನೂ ನಿದ್ದೆ ಮಾಡಿದವನೇ.

ನನ್ನ ಅನುಮಾನಗಳು ಇಷ್ಟು. ಗಾಳಿ ಪಶ್ಚಿಮದಿಂದ ಬೀಸುತ್ತದೆ, ಹಾಗಾಗಿ ಪ್ವೆಬ್ಲೊದಿಂದ ಶುರು ಮಾಡಿ ಪೂರ್ವಕ್ಕೆ ಬಾ ಅಂತ ಒಬ್ಬರು ಹೇಳಿದರು. ಸರಿನಾ? ನಾವು ಸಸ್ಯಾಹಾರಿಗಳು, ಆ ಸಣ್ಣ ಊರುಗಳಲ್ಲಿ ಏನು ತಿನ್ನುವುದು? ಪಾರ್ಕಿನಲ್ಲಿ ಟೆಂಟ್ ಹಾಕಬಹುದು ಅಂತಾರೆ. ನಮ್ಮ ಬಣ್ಣದವರು ಒಬ್ಬರೇ ಹೋಗಿ ಮಲಗಿದರೆ ಯಾರೂ ಏನೂ ಅನ್ನಲ್ವಾ? ಆಮೇಲೆ ಸುಂಟರಗಾಳಿ. ಅಮ್ಮ ಮಂಡ್ಯದಲ್ಲಿ ಕೂತು ಟಿವಿ ನೋಡಿ ಅದನ್ನೇ ಹೇಳುತ್ತಿದ್ದಾರೆ.

ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಕಾಫಿ_ಲೋಟ ಬರೆದದ್ದು:

ಐ-70ಯಲ್ಲಿ ಕಾರು ಹತ್ತಿ, ಕ್ರೂಸ್ ಕಂಟ್ರೋಲ್ ಹಾಕಿ, ಡೆನ್ವರ್‌ನಲ್ಲಿ ದೋಸೆ ತಿನ್ನಿ. ಒಂದೇ ದಿನದ ಕೆಲಸ. ಉಳಿದ 11 ದಿನ ಮಂಡ್ಯಕ್ಕೆ ಹೋಗಿ ಅಮ್ಮನ ಜೊತೆ ಇರಿ. ಸುಮ್ನೆ ತಮಾಷೆಗೆ ಹೇಳಿದೆ. ಆದರೂ ಯೋಚನೆ ಮಾಡಿ.

ಡೋಣಿ_ಸಾಲು ಬರೆದದ್ದು:

ತಮ್ಮಾ, ಇದೇ ದಾರಿಯನ್ನು ನಾನು 2022ರ ಜೂನ್‌ನಲ್ಲಿ ತುಳಿದಿದ್ದೇನೆ. ಆಗ ನನಗೆ 53. ವಿಚಿಟಾದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ, ಊರು ವಿಜಯಪುರ ಜಿಲ್ಲೆ, ಡೋಣಿ ನದಿಯ ಎರೆ ಹೊಲದ ಕಡೆ. ನಕ್ಷೆ ನೋಡಿ 11 ದಿನ ಅಂದುಕೊಂಡು ಹೊರಟೆ, 14 ಹಿಡಿಯಿತು. ಮೂರು ದಿನ ಗಾಳಿಗೆ ಹೋಯಿತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಗಾಳಿಗೇ ಹೋಯಿತು.

ಅದಕ್ಕೇ ಮೊದಲ ಮಾತು. ದಿನಕ್ಕೆ ಇಷ್ಟು ಮೈಲಿ ಅಂತ ಲೆಕ್ಕ ಹಾಕಬೇಡಿ. ಇಷ್ಟು ಗಂಟೆ ತುಳಿಯುತ್ತೇನೆ ಅಂತ ಹಾಕಿ. ಆರು ಗಂಟೆಯಲ್ಲಿ 70 ಮೈಲಿ ಆಗುವ ದಿನವೂ ಬರುತ್ತದೆ, 30 ಆಗುವ ದಿನವೂ ಬರುತ್ತದೆ. ಎರಡೂ ದಿನ ಕಾಲು ಅಷ್ಟೇ ನೋಯುತ್ತದೆ. ನಿಮ್ಮ 12 ದಿನದಲ್ಲಿ ಪ್ವೆಬ್ಲೊ ಮುಟ್ಟಿದರೆ ಸಂತೋಷ. ಆಗದಿದ್ದರೆ ಎಲ್ಲಿಂದ ವಾಪಸ್ ಕರೆದುಕೊಂಡು ಬರಬೇಕು ಅಂತ ಮನೆಯವರಿಗೆ ಈಗಲೇ ಹೇಳಿಟ್ಟಿರಿ. ನನ್ನ ಮನೆಯವಳು ಪ್ವೆಬ್ಲೊಗಿಂತ ಮೊದಲೇ ಸಿಗುವ ಈಡ್ಸ್ ಊರಿಗೆ ಬರಲು ತಯಾರಾಗಿಯೇ ಇದ್ದಳು.

ಈಗ ದಿಕ್ಕಿನ ವಿಷಯ. ಗಾಳಿ ಪಶ್ಚಿಮದಿಂದ ಅನ್ನುವುದು ಪುಸ್ತಕದ ಮಾತು. ಬೇಸಿಗೆಯಲ್ಲಿ ಕಾನ್ಸಾಸಿನ ಗಾಳಿ ಹೆಚ್ಚಾಗಿ ದಕ್ಷಿಣದಿಂದ ಬರುತ್ತದೆ. ನೀವು ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಅದು ಪಕ್ಕದಿಂದಲೇ ಹೊಡೆಯುತ್ತದೆ. ಹಾಗಾದರೆ ಎರಡೂ ಒಂದೇನಾ? ಅಲ್ಲ. ಪಶ್ಚಿಮಕ್ಕೆ ಹೊರಟರೆ ಗಾಳಿ ಎಡಗಡೆಯಿಂದ ಬಂದು ನಿಮ್ಮನ್ನು ರಸ್ತೆಯ ಅಂಚಿಗೆ, ಹುಲ್ಲಿನ ಕಡೆಗೆ ತಳ್ಳುತ್ತದೆ. ಪೂರ್ವಕ್ಕೆ ಹೊರಟರೆ ಬಲಗಡೆಯಿಂದ ಬಂದು ರಸ್ತೆಯ ನಡುವಿಗೆ, ಲಾರಿಗಳ ಕಡೆಗೆ ತಳ್ಳುತ್ತದೆ. ಹುಲ್ಲಿಗೆ ಬಿದ್ದರೆ ಎದ್ದು ಬರಬಹುದು. ನಾನು ಪಶ್ಚಿಮಕ್ಕೆ ಹೋಗಿದ್ದು ಅದಕ್ಕೇ.

ಆದರೆ ಒಂದು ಎಚ್ಚರಿಕೆ. ಎಡಗಾಳಿಗೆ ಎದುರಾಗಿ ಸೈಕಲ್ ಎಡಕ್ಕೆ ವಾಲಿಸಿಕೊಂಡು ತುಳಿಯುತ್ತಿರುತ್ತೀರಿ, ನಿಮಗೇ ಗೊತ್ತಿಲ್ಲದೆ. ದನ ತುಂಬಿದ ದೊಡ್ಡ ಲಾರಿ ಹಿಂದಿನಿಂದ ಬಂದು ಪಕ್ಕಕ್ಕೆ ಸರಿಯುತ್ತದೆ. ಗಾಳಿ ಒಮ್ಮೆಲೇ ನಿಂತುಹೋಗುತ್ತದೆ. ತಳ್ಳುವವನು ಇಲ್ಲದ ಮೇಲೆ ಸೈಕಲ್ ಎಡಕ್ಕೆ, ಅಂದರೆ ಲಾರಿಯ ಕಡೆಗೇ ಜಗ್ಗುತ್ತದೆ. ಲಾರಿ ದಾಟಿತು ಅನ್ನುವಷ್ಟರಲ್ಲಿ ಗಾಳಿ ಮತ್ತೆ ಕಪಾಳಕ್ಕೆ ಹೊಡೆದ ಹಾಗೆ ಬಂದು ಬಲಕ್ಕೆ ಎಸೆಯುತ್ತದೆ. ನೆಸ್ ಸಿಟಿ ದಾಟಿದ ಮೇಲೆ ಮೊದಲ ಸಲ ಹೀಗಾದಾಗ ಬಾಯಿಯಿಂದ ಬಂದ ಬೈಗುಳ ಅಪ್ಪಟ ವಿಜಯಪುರದ್ದು. ಆಮೇಲೆ ಕನ್ನಡಿ ಕಟ್ಟಿಸಿಕೊಂಡೆ. ಲಾರಿ ಕಂಡರೆ ಹ್ಯಾಂಡಲ್ ಬಿಗಿ ಹಿಡಿದು, ವೇಗ ತಗ್ಗಿಸಿ, ಅಂಚು ಇದ್ದಲ್ಲಿ ಅಂಚಿಗೆ. ಅಂಚು ಇಲ್ಲದ ಕಡೆ ಇಳಿದು ನಿಂತಿದ್ದೂ ಇದೆ. ನಾಚಿಕೆ ಬೇಡ.

ಕಾನ್ಸಾಸ್ ಚಪ್ಪಟೆ ಅನ್ನುವುದನ್ನೂ ಮರೆತುಬಿಡಿ. ಪಿಟ್ಸ್‌ಬರ್ಗ್ ಇರುವುದು ಸಮುದ್ರ ಮಟ್ಟದಿಂದ 900 ಅಡಿ ಆಸುಪಾಸು. ಪಶ್ಚಿಮದ ಗಡಿ ಹತ್ತಿರದ ಟ್ರಿಬ್ಯೂನ್ 3,600 ಅಡಿ. ಏರು ಕಣ್ಣಿಗೆ ಕಾಣುವುದಿಲ್ಲ, ಮೊಣಕಾಲಿಗೆ ಗೊತ್ತಾಗುತ್ತದೆ. ಯುರೇಕಾದಿಂದ ಕ್ಯಾಸಡೇವರೆಗೆ ಮಾತ್ರ ಕಣ್ಣಿಗೂ ಕಾಣುತ್ತದೆ, ಅದು ಫ್ಲಿಂಟ್ ಹಿಲ್ಸ್. ಮೇಲೆ ತೆಳ್ಳಗೆ ಮಣ್ಣು, ಕೆಳಗೆ ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ಅದಕ್ಕೇ ಹುಲ್ಲು ಉಳಿಯಿತು. ಅಮೆರಿಕದಲ್ಲಿ ಎತ್ತರದ ಹುಲ್ಲಿನ ಬಯಲು, ಅಂದರೆ ಪ್ರೇರಿ, ನೂರಕ್ಕೆ ನಾಲ್ಕು ಪಾಲು ಕೂಡ ಉಳಿದಿಲ್ಲ. ಉಳಿದದ್ದರಲ್ಲಿ ಹೆಚ್ಚಿನದು ಇಲ್ಲೇ. ಎತ್ತರದ ಹುಲ್ಲು ಅಂತ ಹೆಸರು ಕೇಳಿ ಹೋದರೆ ಜೂನ್‌ನಲ್ಲಿ ಮೊಣಕಾಲುದ್ದ ಇರುತ್ತದೆ. ಆಳೆತ್ತರ ಆಗುವುದು ಸೆಪ್ಟೆಂಬರ್ ಹೊತ್ತಿಗೆ. ಬೆಳಗಿನ ಆರು ಗಂಟೆಗೆ ಬೇಲಿ ಗೂಟದ ಮೇಲೆ ಕೂತು ಮೆಡೋಲಾರ್ಕ್ ಹಕ್ಕಿ ಹಾಡುತ್ತದೆ. ಹೊಟ್ಟೆ ಹಳದಿ, ಎದೆ ಮೇಲೆ ಕಪ್ಪು ಗುರುತು. ಒಂದು ಗೂಟದಿಂದ ಇನ್ನೊಂದಕ್ಕೆ ನನ್ನ ಜೊತೆಯೇ ಹಾರಿ ಬರುತ್ತಿತ್ತು. ಅಥವಾ ಬೇರೆ ಬೇರೆ ಹಕ್ಕಿಯೋ ಏನೋ, ನನಗೆ ಒಂದೇ ಅನ್ನಿಸಿತು.

ನೋಡೋಕೆ ಏನಿದೆ ಅಂತ ಕೇಳಿದ್ದಾರಲ್ಲ ನಿಮ್ಮ ಮನೆಯವರು. ಎರೆ ಸೀಮೆಯಲ್ಲಿ ಹುಟ್ಟಿದವನಿಗೆ ಆ ಪ್ರಶ್ನೆಯೇ ಬರುವುದಿಲ್ಲ. ನಮ್ಮ ಹೊಲದಲ್ಲಿ ನಿಂತರೂ ಹೀಗೆಯೇ, ಒಂದು ಬನ್ನಿ ಮರ ಬಿಟ್ಟರೆ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಸ್ಕಾಟ್ ಸಿಟಿ ಕಡೆ ರಸ್ತೆ ಬದಿಯ ಹೊಲದಲ್ಲಿ ಗೇಣುದ್ದ ಸಸಿ ಸಾಲು ಸಾಲಾಗಿ ಎದ್ದಿತ್ತು. ಮುಸುಕಿನ ಜೋಳ ಇರಬೇಕು ಅಂದುಕೊಂಡು ದಾಟುತ್ತಿದ್ದೆ. ಯಾಕೋ ಎಲೆಯ ಬಣ್ಣ ಬೇರೆ ಅನ್ನಿಸಿತು. ಇಳಿದು ನೋಡಿದೆ. ಜೋಳ! ನಮ್ಮ ರೊಟ್ಟಿಯ ಜೋಳ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಕಾನ್ಸಾಸ್ ಅಂತ ಇಪ್ಪತ್ತು ವರ್ಷ ಇಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಅವರು ಅದಕ್ಕೆ ಮೈಲೊ ಅನ್ನುತ್ತಾರೆ. ಕಾಳು ಕೆಂಪು, ಗಿಡ ಗಿಡ್ಡ. ಊರಿನ ಕೆಫೆಯಲ್ಲಿ ಒಬ್ಬ ಮುದುಕ ರೈತರಿಗೆ ನಾವು ಇದರಲ್ಲಿ ರೊಟ್ಟಿ ಬಡಿದು ತಿನ್ನುತ್ತೇವೆ ಅಂದೆ. ಅವರು ಟೋಪಿ ಹಿಂದಕ್ಕೆ ಸರಿಸಿ, "ನಾವು ದನಕ್ಕೆ ಹಾಕುತ್ತೇವೆ" ಅಂದರು. ಆಮೇಲೆ ಪಾಪ ಅವರಿಗೇ ಮುಜುಗರ ಆಗಿ ನನ್ನ ಕಾಫಿಯ ದುಡ್ಡು ಕೊಟ್ಟರು.

ಊಟದ ಮಾತು ಬಂತು, ಹೇಳಿಬಿಡುತ್ತೇನೆ. ಹೊರಡುವಾಗ 40 ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಂಡೆ. ಹಗುರ, ಕೆಡುವುದಿಲ್ಲ, ಬೇಯಿಸುವ ಹಾಗಿಲ್ಲ. ಇದಕ್ಕಿಂತ ಒಳ್ಳೆ ಪ್ರವಾಸದ ಬುತ್ತಿ ಜಗತ್ತಿನಲ್ಲಿ ಇಲ್ಲ ಅಂತ ಹೆಮ್ಮೆಯಿಂದ ಹೊರಟೆ. ಎರಡನೇ ದಿನ ಸಂಜೆ ಬ್ಯಾಗು ಬಿಚ್ಚಿದರೆ ಒಂದೂ ರೊಟ್ಟಿ ಇಡಿಯಾಗಿ ಇಲ್ಲ, ಎಲ್ಲ ನುಚ್ಚು. ಅಂಗಡಿಯಿಂದ ಮೊಸರು ತಂದು ಆ ನುಚ್ಚು ಹಾಕಿ, ಹಿಂಡಿ ಕಲಸಿ ಅರ್ಧ ಗಂಟೆ ಬಿಟ್ಟು ತಿಂದೆ. ತಮ್ಮಾ, ಹದಿನಾಲ್ಕು ದಿನವೂ ಅದೇ. ಬೇಸರ ಬರಲಿಲ್ಲ. ಹೆಚ್ಚಿನ ಸಣ್ಣ ಊರುಗಳಲ್ಲಿ ಡಾಲರ್ ಜನರಲ್ ಅಂಗಡಿಯೋ, ಪೆಟ್ರೋಲ್ ಬಂಕಿನ ಅಂಗಡಿಯೋ ಇರುತ್ತದೆ. ಮೊಸರು, ಬಾಳೆಹಣ್ಣು, ಬ್ರೆಡ್ಡು, ಪೀನಟ್ ಬಟರ್ ಸಿಗುತ್ತದೆ. ಕೆಫೆಯಲ್ಲಿ ಪ್ಯಾನ್‌ಕೇಕು, ಪೈ. ಬೀನ್ಸ್ ಕೇಳಿದರೆ ಅದರಲ್ಲಿ ಹಂದಿ ಮಾಂಸ ಇರುತ್ತದೆ, ಕೇಳಿಯೇ ತಿನ್ನಿ.

ನೀರಿನಲ್ಲಿ ಧೈರ್ಯ ತೋರಿಸಬೇಡಿ. ನಿಕರ್ಸನ್ ಬಿಟ್ಟರೆ ಲಾರ್ನೆಡ್‌ವರೆಗೆ 50 ಮೈಲಿಗೂ ಜಾಸ್ತಿ, ನಡುವೆ ಅಂಗಡಿ ಸಿಗುತ್ತದೆ ಅನ್ನುವ ನೆಚ್ಚಿಕೆ ಇಲ್ಲ. ಕೊಲೊರಾಡೊದಲ್ಲಿ ಈಡ್ಸ್‌ನಿಂದ ಆರ್ಡ್‌ವೇ ಹತ್ತಿರ ಹತ್ತಿರ 60. ಇವೆರಡಕ್ಕೂ ನಾನು ಆರು ಲೀಟರ್ ಹೊತ್ತೆ. ನಾನು ತುಳಿದ ಆ ಜೂನ್‌ನಲ್ಲೇ ನೈರುತ್ಯ ಕಾನ್ಸಾಸಿನಲ್ಲಿ ಸೆಕೆ ತಾಳಲಾರದೆ ಎರಡು ಸಾವಿರಕ್ಕೂ ಹೆಚ್ಚು ದನ ಸತ್ತವು, ಪೇಪರಿನಲ್ಲಿ ನೋಡಿರಬಹುದು. 100 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು, ಹಬೆ ಬೇರೆ, ರಾತ್ರಿಯೂ ತಂಪಾಗಲಿಲ್ಲ. ದನವೇ ತಡೆಯದ ಬಿಸಿಲಲ್ಲಿ ನಾವೇನು? ಆ ಎರಡು ದಿನ ನಾನು ಊರಿನ ಗ್ರಂಥಾಲಯದ ಏಸಿಯಲ್ಲಿ ಕೂತು ಪೇಪರ್ ಓದಿದೆ.

ಬೆಳಗ್ಗೆ ನಾಲ್ಕೂವರೆಗೆ ಸೈಕಲ್ ಹತ್ತಬೇಕು, ಹನ್ನೊಂದಕ್ಕೆ ಇಳಿಯಬೇಕು. ಬಿಸಿಲಿಗಿಂತ ಗಾಳಿಗೆ ಹೆದರಿ ಇದು. ರಾತ್ರಿ ನೆಲ ತಣ್ಣಗಾದಾಗ ಮೇಲಿನ ಗಾಳಿ ಮೇಲೆಯೇ ಉಳಿಯುತ್ತದೆ, ಕೆಳಗೆ ಇಳಿಯುವುದಿಲ್ಲ. ಸೂರ್ಯ ಏರಿ ನೆಲ ಕಾದ ಮೇಲೆ ಕಲಸಿಕೊಂಡು ಕೆಳಗಿಳಿಯುತ್ತದೆ. ಒಂಬತ್ತೂವರೆ, ಹತ್ತಕ್ಕೆ ಶುರು. ನಾನು ಒಂದು ದಿನ ಸೋಮಾರಿತನ ಮಾಡಿ ಲಿಯೋಟಿಯಿಂದ ಎಂಟಕ್ಕೆ ಹೊರಟೆ. ಟ್ರಿಬ್ಯೂನ್ ಅಲ್ಲಿಂದ ಬರೀ 22 ಮೈಲಿ. ಗಾಳಿ ಅವತ್ತು ನೈರುತ್ಯಕ್ಕೆ ತಿರುಗಿತ್ತು, ಓರೆಯಾಗಿ ಮುಖಕ್ಕೆ. ನಾಲ್ಕೂವರೆ ಗಂಟೆ ಹಿಡಿಯಿತು! ಅತಿ ಸಣ್ಣ ಗೇರಿನಲ್ಲಿ, ಇಳಿಜಾರಿನಲ್ಲೂ ತುಳಿದುಕೊಂಡು.

ಅವತ್ತಿನ ಹಿಂಸೆ ಏನೆಂದರೆ ಊರು ಮೊದಲೇ ಕಾಣುತ್ತದೆ. ಪ್ರತಿ ಊರಿಗೂ ಒಂದು ಎಲಿವೇಟರು, ಅಂದರೆ ಕಾಳು ತುಂಬಿಡುವ ಎತ್ತರದ ಗೋದಾಮು, ಬಿಳಿ ಕಾಂಕ್ರೀಟಿನ ಕಂಬಗಳನ್ನು ಜೋಡಿಸಿ ನಿಲ್ಲಿಸಿದ ಹಾಗೆ. ನಮ್ಮ ಹಿರಿಯರು ಜೋಳ ತುಂಬಲು ಹಗೇವು ತೋಡುತ್ತಿದ್ದದ್ದು ನೆಲದೊಳಗೆ, ಇವರದು ಆಕಾಶಕ್ಕೆ. ಹತ್ತು ಮೈಲಿ ದೂರದಿಂದಲೇ ಕಾಣುತ್ತದೆ. ಕಾಣುತ್ತದೆ, ಆದರೆ ಬರುವುದಿಲ್ಲ. ಜಮೀನನ್ನೆಲ್ಲ ಮೈಲಿ ಮೈಲಿಗೆ ಚೌಕ ಮಾಡಿ ಅಳೆದಿರುವುದರಿಂದ ಮೈಲಿಗೊಂದು ಮಣ್ಣಿನ ಅಡ್ಡರಸ್ತೆ ಬರುತ್ತದೆ. ನಾನು ಎಲಿವೇಟರ್ ನೋಡುವುದು ಬಿಟ್ಟು ಅಡ್ಡರಸ್ತೆ ಎಣಿಸಿದೆ. ಒಂದು ಅಡ್ಡರಸ್ತೆಗೆ ಒಂದು ಗುಟುಕು ನೀರು, ಐದಕ್ಕೆ ಒಂದು ಖರ್ಜೂರ. ಅದೇ ದಿನ ಕಾಲಮಾನವೂ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಟ್ರಿಬ್ಯೂನ್ ಇರುವುದು ಮೌಂಟನ್ ಸಮಯದಲ್ಲಿ. ಹಾಗಾಗಿ ಹನ್ನೆರಡೂವರೆಗೆ ಮುಟ್ಟಿದವನಿಗೆ ಅಲ್ಲಿ ಹನ್ನೊಂದೂವರೆ. ಕಳೆದುಕೊಂಡ ಒಂದು ಗಂಟೆ ವಾಪಸ್ ಕೊಟ್ಟರು ಅಂದುಕೊಂಡೆ.

ಪಾರ್ಕಿನಲ್ಲಿ ಮಲಗುವುದು. ಈ ದಾರಿಯ ಹೆಚ್ಚಿನ ಊರುಗಳು ಸೈಕಲ್‌ನವರಿಗೆ ಪಾರ್ಕಿನಲ್ಲಿ ಟೆಂಟ್ ಹಾಕಲು ಬಿಡುತ್ತವೆ, ಕೆಲವು ಕಡೆ ಈಜುಕೊಳದಲ್ಲಿ ಸ್ನಾನಕ್ಕೂ. ಹಚಿನ್ಸನ್‌ನಲ್ಲಿ ಒಂದು ಚರ್ಚು ಸೈಕಲ್‌ನವರಿಗೆ ಅಂತಲೇ ಜಾಗ ಇಟ್ಟಿದೆ. ಪಾರ್ಕಾದರೆ ಮೊದಲು ಷೆರಿಫ್ ಕಚೇರಿಗೆ ಫೋನ್ ಮಾಡಿ ಹೇಳಿ. ಮೊದಲ ಸಲ ಮಾಡುವಾಗ ನನಗೂ ಗಂಟಲು ಒಣಗಿತ್ತು. ಹೆಸರು ಎರಡು ಸಲ ಬಿಡಿಸಿ ಹೇಳಿದೆ. ಆ ಕಡೆಯ ಹೆಂಗಸು ಕೇಳಿದ್ದು ಒಂದೇ, "ಎಷ್ಟು ಟೆಂಟು?" ಹದಿನಾಲ್ಕು ದಿನದಲ್ಲಿ ಒಬ್ಬನೇ ಒಬ್ಬ ಪಿಕಪ್ ಗಾಡಿಯವನು ಕಿಟಕಿಯಿಂದ ಏನೋ ಕೂಗಿ ಹೋದ. ಏನಂತ ಗಾಳಿಗೆ ಕೇಳಿಸಲಿಲ್ಲ. ಎಲ್ಲ ಕಡೆ ಹಾಲು ಜೇನು ಅಂತ ನಾನು ಹೇಳುವುದಿಲ್ಲ, ನನಗಾದದ್ದು ಇಷ್ಟು.

ಜನರಿಗಿಂತ ಸ್ಪ್ರಿಂಕ್ಲರ್‌ಗೆ ಹೆದರಿ. ಒಂದು ಊರಿನ ಪಾರ್ಕಿನಲ್ಲಿ ಮೆತ್ತನೆ ಹುಲ್ಲು ನೋಡಿ ಆಸೆಪಟ್ಟು ಟೆಂಟ್ ಹಾಕಿದೆ. ರಾತ್ರಿ ಮೂರಕ್ಕೆ ಚಟ್ ಚಟ್ ಅಂತ ಶಬ್ದ. ಯಾರೋ ಕಲ್ಲು ಎಸೆಯುತ್ತಿದ್ದಾರೆ ಅಂದುಕೊಂಡು ಉಸಿರು ಬಿಗಿಹಿಡಿದು ಮಲಗಿದೆ. ಆಮೇಲೆ ನೀರು. ಅದೂ ಒಂದು ಮೂತಿ ಟೆಂಟಿನ ಕೆಳಗೇ ಇತ್ತು, ಬೆನ್ನಿಗೆ ಒತ್ತಿಕೊಂಡು ಏಳಲು ನೋಡುತ್ತಿತ್ತು. ಮಲಗುವ ಮೊದಲು ಹುಲ್ಲಿನಲ್ಲಿ ಕೈಯಾಡಿಸಿ ನೋಡಿ, ರೂಪಾಯಿ ಬಿಲ್ಲೆಯಷ್ಟು ಅಗಲದ ಕಪ್ಪು ಪ್ಲಾಸ್ಟಿಕ್ ತಲೆ ಸಿಗುತ್ತದೆ. ನಾನು ಆಮೇಲೆ ಪಿಕ್ನಿಕ್ ಚಪ್ಪರದ ಕೆಳಗೆ ಸಿಮೆಂಟಿನ ಮೇಲೆಯೇ ಮಲಗಿದೆ.

ಸೈಕಲ್ಲಿನ ವಿಷಯ ಒಂದೇ ಹೇಳುತ್ತೇನೆ. ಹೊರಡುವ ಮೊದಲು ಒಂದು ಅಂಗಡಿಯಲ್ಲಿ ಹಿಂದಿನ ಚಕ್ರ ಹೊಸದಾಗಿ ಕಟ್ಟಿಸಿದ್ದೆ. ಒಳ್ಳೆ ದುಡ್ಡು ತಗೊಂಡರು, ಸ್ಪೋಕ್ ಬಿಗಿ ಒಂದೇ ಸಮ ಮಾಡಿರಲಿಲ್ಲ. ರಷ್ ಸೆಂಟರ್ ಹತ್ತಿರ ಎರಡು ಕಡ್ಡಿ ತುಂಡಾದವು, ಗೇರ್ ಇರುವ ಕಡೆಯವೇ. ಬೇಲಿಗೆ ಸೈಕಲ್ ಒರಗಿಸಿ ಕೂತೆ. ಆಗ ಕಂಡದ್ದು, ಆ ಬೇಲಿಯ ಗೂಟ ಕಲ್ಲಿನದು! ಮರ ಇಲ್ಲದ ಸೀಮೆ, ಹಳೆಯ ಒಕ್ಕಲಿಗರು ಸುಣ್ಣಕಲ್ಲು ಸೀಳಿ ಕಂಬ ಮಾಡಿ ನೆಟ್ಟಿದ್ದಾರೆ. ನೆಲದಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ನಮ್ಮ ಕಡೆ ತೋಟಕ್ಕೆ ಕಲ್ಲುಕಂಬ ನಿಲ್ಲಿಸಿ ತಂತಿ ಎಳೆಯುತ್ತಾರಲ್ಲ, ಥೇಟ್ ಹಾಗೆ. ಎರಡು ಗಂಟೆ ಅದಕ್ಕೇ ಒರಗಿ ಕಡ್ಡಿ ಹಾಕಿದೆ. ನ್ಯೂಟನ್, ಹಚಿನ್ಸನ್ ದಾಟಿದ ಮೇಲೆ ಪ್ವೆಬ್ಲೊವರೆಗೆ ದಾರಿಯಲ್ಲಿ ನನಗೆ ಸೈಕಲ್ ಅಂಗಡಿ ಸಿಗಲಿಲ್ಲ. ಬಿಡಿ ಕಡ್ಡಿ, ಗೇರ್ ಬಿಚ್ಚುವ ಸಾಧನ, ಎರಡು ಟ್ಯೂಬು ಜೊತೆಗಿರಲಿ. ಟ್ಯೂಬು ಎರಡಲ್ಲ, ಮೂರು. ಯಾಕೆಂದರೆ ನೆಗ್ಗಿಲು ಮುಳ್ಳು.

ಪಂಕ್ಚರ್_ಪುರಾಣ ಬರೆದದ್ದು:

ಡೋಣಿ ಸರ್, ನೆಗ್ಗಿಲು ಅಲ್ಲಿಗೂ ಬಂದಿದೆಯಾ? ನಾನು ಧಾರವಾಡ. ನಮ್ಮಲ್ಲಿ ಬರಿಗಾಲಲ್ಲಿ ಆಡಿದವರಿಗೆಲ್ಲ ಅದರ ಪರಿಚಯ ಇದೆ.

ಡೋಣಿ_ಸಾಲು ಬರೆದದ್ದು:

ಅದೇ ನೆಗ್ಗಿಲು, ಬೇರೆ ಜಾತಿ ಅಲ್ಲ. ಅದೇ ಹಳದಿ ಹೂ, ನೆಲಕ್ಕೆ ಅಂಟಿ ಹರಡುವ ಅದೇ ಬಳ್ಳಿ. ಇಲ್ಲಿ ಗೋಟ್‌ಹೆಡ್ ಅನ್ನುತ್ತಾರೆ, ಕಾಯಿಗೆ ಎರಡು ಕೊಂಬು ಇರುತ್ತದಲ್ಲ, ಆಡಿನ ತಲೆ ಹಾಗೆ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ. ಇದನ್ನು ಹತೋಟಿಗೆ ತರಲು ಅಮೆರಿಕದವರು 1961ರಲ್ಲಿ ಎರಡು ಬಗೆಯ ಮೂತಿ ಹುಳ ತಂದು ಬಿಟ್ಟರು. ಭಾರತ, ಫ್ರಾನ್ಸ್, ಇಟಲಿ ಕಡೆಯ ಹುಳ. ಒಂದು ಕಾಯಿ ಕೊರೆಯುತ್ತದೆ, ಇನ್ನೊಂದು ಬಳ್ಳಿ ಕೊರೆಯುತ್ತದೆ. ನನ್ನ ದಾರಿಯಲ್ಲಿ ಅವು ರಜೆಯ ಮೇಲಿದ್ದವು ಅಂತ ಕಾಣುತ್ತದೆ. ಶೆರಿಡನ್ ಲೇಕ್‌ನಲ್ಲಿ ಒಂದು ಖಾಲಿ ಜಾಗದಲ್ಲಿ ಸೈಕಲ್ ತಳ್ಳಿಕೊಂಡು ಹತ್ತು ಹೆಜ್ಜೆ ಹೋದೆ ಅಷ್ಟೆ, ಎರಡು ಟೈರಿನಿಂದ 17 ಮುಳ್ಳು ಕಿತ್ತೆ. ಎಣಿಸಿದ್ದೇನೆ. ರಸ್ತೆ ಬಿಟ್ಟು ಇಳಿಯುವಾಗ ಸೈಕಲ್ ಎತ್ತಿಕೊಂಡೇ ಇಳಿಯಬೇಕು. ದಪ್ಪ ಟೈರು ಹಾಕಿ, ಟ್ಯೂಬಿಗೆ ಸೀಲಂಟ್ ಬಿಡಿ. ಮುಳ್ಳು ಕಿತ್ತ ಮೇಲೆ ಟೈರಿನ ಒಳಗೆ ಬೆರಳಾಡಿಸಿ ನೋಡದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ.

ರೆಜೈನಾ_ಅಕ್ಕ ಬರೆದದ್ದು:

ನಾನು ಇದೇ ಬಯಲಿನ ಉತ್ತರದ ತುದಿಯವಳು, ಕೆನಡಾದ ಸಸ್ಕ್ಯಾಚವಾನ್. ಡೋಣಿ ಅಣ್ಣ ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರು ಇದೆ. ಬೆಳಗಿನ ನಾಲ್ಕೂವರೆ ಎಲ್ಲರಿಗೂ ಆಗುವುದಿಲ್ಲ. ನನಗಂತೂ ಆಗಲ್ಲ. ನಾನು ಸಂಜೆ ತುಳಿಯುತ್ತೇನೆ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಒಂಬತ್ತು ದಾಟಿದ ಮೇಲೆ. ಏಳರ ನಂತರ ಗಾಳಿ ಸಾಮಾನ್ಯವಾಗಿ ಇಳಿಯುತ್ತದೆ. ಎರಡು ಗಂಟೆ ಸಿಗುತ್ತದೆ, ಬೆಳಕು ಅಡ್ಡ ಬಿದ್ದು ಹುಲ್ಲೆಲ್ಲ ಜೇನಿನ ಬಣ್ಣ. ಸೊಳ್ಳೆ ಮಾತ್ರ ನಿಲ್ಲಲು ಬಿಡುವುದಿಲ್ಲ. ನಿಲ್ಲದೆ ತುಳಿಯಲು ಅದೂ ಒಂದು ಕಾರಣ.

ನಾನು ಸ್ವಿಫ್ಟ್ ಕರೆಂಟ್‌ನಿಂದ ದಕ್ಷಿಣಕ್ಕೆ ವಾಲ್ ಮರೀ ಊರಿಗೆ, ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. 120 ಕಿಲೋಮೀಟರ್ ಹತ್ತಿರ, ಎರಡು ದಿನ. 2005ರ ಕೊನೆಯಲ್ಲಿ ಅಲ್ಲಿಗೆ ಮತ್ತೆ ಕಾಡೆಮ್ಮೆ ತಂದು ಬಿಟ್ಟರು, ಬೈಸನ್. ಪ್ರೇರಿ ನಾಯಿಗಳ ಬಿಲಗಳೂ ಇವೆ. ನಾಯಿ ಅಂತ ಹೆಸರು, ಇರುವುದು ಅಳಿಲಿನ ಬಳಗ. ನನ್ನನ್ನು ನೋಡಿ ಒಂದು ಕೂಗಿದರೆ ಸಾಲಾಗಿ ಎಲ್ಲವೂ ಕೂಗುತ್ತಿದ್ದವು, ವಠಾರದ ಹೆಂಗಸರ ಹಾಗೆ.

ನೋಡೋಕೆ ಏನಿದೆ ಅನ್ನುವ ಮಾತು ಬಂತಲ್ಲ, ಬೇಜಾರಾಗುತ್ತಾ ಅಂತ ನಿಮಗೂ ಅನ್ನಿಸಿರಬಹುದು. ಆಗುತ್ತದೆ. ಯಾಕೆ ಸುಳ್ಳು ಹೇಳಲಿ? ಎರಡನೇ ದಿನ ಮಧ್ಯಾಹ್ನ ನನಗೆ ಅಳು ಬಂದಿತ್ತು, ಏನೂ ಆಗಿರಲಿಲ್ಲ, ಸುಮ್ನೆ. ತಲೆಯಲ್ಲಿದ್ದ ಹಾಡು, ಜಗಳ, ಆಫೀಸು ಎಲ್ಲ ಮುಗಿದುಹೋಗಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಇಯರ್‌ಫೋನ್ ಹಾಕಿಕೊಂಡು ಹೋಗಬೇಡಿ, ಹಿಂದಿನ ಗಾಡಿ ಕೇಳಿಸುವುದಿಲ್ಲ. ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ: ರಾತ್ರಿ ಎಲ್ಲಿ ಇಳಿಯುತ್ತೇನೆ ಅನ್ನುವುದನ್ನು ದಾರಿಯಲ್ಲಿ ಕೇಳಿದವರಿಗೆ ನಾನು ಹೇಳುವುದಿಲ್ಲ. "ಮುಂದಿನ ಊರಲ್ಲಿ ಗಂಡ ಕಾಯ್ತಿದ್ದಾರೆ" ಅನ್ನುತ್ತೇನೆ. ಗಂಡ ಮನೆಯಲ್ಲಿ ಕ್ರಿಕೆಟ್ ನೋಡುತ್ತಿರುತ್ತಾನೆ.

ಮಂಡ್ಯದ_ಸವಾರ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡೋಣಿ ಅಣ್ಣ, ನಿಮ್ಮ ಉತ್ತರವನ್ನು ಮನೆಯವಳಿಗೆ ಓದಿ ಹೇಳಿದೆ. ಸ್ಪ್ರಿಂಕ್ಲರ್ ಕಥೆಗೆ ತುಂಬಾ ಹೊತ್ತು ನಕ್ಕಳು. ಈಗ "ಹೋಗಿ, ಆದರೆ ದಿನಾ ಫೋನ್ ಮಾಡಿ" ಅನ್ನುವ ಮಟ್ಟಕ್ಕೆ ಬಂದಿದ್ದಾಳೆ. ಪಶ್ಚಿಮಕ್ಕೇ ಹೋಗುತ್ತೇನೆ.

ಎರಡು ಉಳಿದಿವೆ. ಸುಂಟರಗಾಳಿ ಬಗ್ಗೆ ನೀವು ಏನೂ ಹೇಳಲಿಲ್ಲ. ಮತ್ತೆ ಗಡಿ ದಾಟಿದ ಮೇಲೆ ಕೊಲೊರಾಡೊ ಕಡೆ ನಿಲ್ಲಲೇಬೇಕಾದ ಜಾಗ ಏನಾದರೂ ಇದೆಯಾ?

ಡೋಣಿ_ಸಾಲು ಬರೆದದ್ದು:

ಹೇಳದೆ ಬಿಟ್ಟದ್ದು ಮರೆತು ಅಲ್ಲ, ಅಮ್ಮನಿಗೆ ಓದಿ ಹೇಳುತ್ತೀರೇನೋ ಅಂತ.

ಸುಂಟರಗಾಳಿ ಜೋರಿರುವುದು ಮೇ ತಿಂಗಳಲ್ಲಿ, ಜೂನ್‌ನಲ್ಲೂ ಬರುತ್ತದೆ. ಗ್ರೀನ್ಸ್‌ಬರ್ಗ್ ಊರನ್ನು 2007ರ ಮೇ 4ರ ರಾತ್ರಿ ಅಳಿಸಿಯೇ ಹಾಕಿತು. ಅದು ನಿಮ್ಮ ದಾರಿಯಿಂದ ದಕ್ಷಿಣಕ್ಕೆ. ಆದರೆ ಸೈಕಲ್‌ನವನಿಗೆ ದಿನ ದಿನದ ಅಪಾಯ ಸಿಡಿಲು, ಆಲಿಕಲ್ಲು. ಬಯಲಲ್ಲಿ ಎತ್ತರದ ವಸ್ತು ನೀವೇ, ಅದೂ ಕಬ್ಬಿಣದ ಮೇಲೆ ಕೂತು. ಒಂದು ಒಳ್ಳೆಯದೆಂದರೆ ಮೋಡ ಒಂದು ಗಂಟೆ ಮುಂಚೆಯೇ ಕಾಣುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಹನ್ನೊಂದಕ್ಕೆ ಇಳಿಯಿರಿ ಅಂದದ್ದಕ್ಕೆ ಇದೂ ಕಾರಣ. ದಾರಿಯಲ್ಲೇ ಸಿಕ್ಕಿಬಿದ್ದರೆ ಹತ್ತಿರದ ತೋಟದ ಮನೆಗೆ ಹೋಗಿ ಬಾಗಿಲು ತಟ್ಟಿ. ಹೆಚ್ಚಿನ ಮನೆಗಳಿಗೆ ನೆಲಮಾಳಿಗೆ ಇರುತ್ತದೆ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಸೇತುವೆಯ ಕೆಳಗೂ ಬೇಡ. ಫೋನಿನಲ್ಲಿ ಹವಾಮಾನದ ಎಚ್ಚರಿಕೆ ಆನ್ ಇರಲಿ.

ಇನ್ನೊಂದು. ಊರಿನ ಸೈರನ್ನನ್ನು ಆಗಾಗ ಪರೀಕ್ಷೆಗೆ ಊದುತ್ತಾರೆ. ನಾನು ಕೆಫೆಯಲ್ಲಿ ಕೂತಿದ್ದೆ, ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ಅದು ಕೂಗಿತು. ಎದ್ದು ನಿಂತು ಹೆಲ್ಮೆಟ್ ಹಾಕಿಕೊಂಡೆ. ಪಕ್ಕದ ಟೇಬಲ್ಲಿನ ಅಜ್ಜಿ ಪೈ ತಿನ್ನುತ್ತಲೇ ಇದ್ದರು. "ಕೂತ್ಕೋ ಮಗಾ, ಅದು ಬರೀ ಊಟದ ಹೊತ್ತು" ಅಂತ ಅವರ ಭಾಷೆಯಲ್ಲಿ ಅಂದರು.

ನಿಲ್ಲಲೇಬೇಕಾದ ಜಾಗ ಕೇಳಿದಿರಿ. ಶೆರಿಡನ್ ಲೇಕ್ ದಾಟಿ ಈಡ್ಸ್‌ಗೆ ಹೋಗುವ ದಾರಿಯಲ್ಲಿ ಚಿವಿಂಗ್‌ಟನ್ ಅನ್ನುವ ಹಾಳೂರು ಸಿಗುತ್ತದೆ. ಅಲ್ಲಿಂದ ಉತ್ತರಕ್ಕೆ ಎಂಟು ಹತ್ತು ಮೈಲಿ ಮಣ್ಣಿನ ರಸ್ತೆ, ಸ್ಯಾಂಡ್ ಕ್ರೀಕ್. 1864ರ ನವೆಂಬರ್ 29ರ ಬೆಳಗ್ಗೆ ಶಯೆನ್ ಮತ್ತು ಅರಾಪಹೊ ಜನ ಅಲ್ಲಿ ಬೀಡುಬಿಟ್ಟಿದ್ದರು. ಸಂಧಾನದ ಮಾತು ನಡೆದಿತ್ತು. ಅವರ ಮುಖಂಡ ಬ್ಲ್ಯಾಕ್ ಕೆಟಲ್ ಗುಡಾರದ ಮೇಲೆ ಅಮೆರಿಕದ ಬಾವುಟವನ್ನೂ ಬಿಳಿ ಬಾವುಟವನ್ನೂ ಏರಿಸಿದ್ದ. ಆದರೂ ಸೈನ್ಯ ನುಗ್ಗಿ 230ರಷ್ಟು ಜನರನ್ನು ಕೊಂದಿತು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಸೈನ್ಯ ನಡೆಸಿದ ಕರ್ನಲ್‌ನ ಹೆಸರು ಚಿವಿಂಗ್‌ಟನ್. ಊರಿಗೆ ಅವನದೇ ಹೆಸರು ಇನ್ನೂ ಇದೆ.

ನಾನು ಸೈಕಲ್ ತಳ್ಳಿಕೊಂಡು ಆ ಮಣ್ಣಿನ ರಸ್ತೆಯಲ್ಲಿ ಹೋದೆ, ಅರ್ಧ ದಿನ ಹೋಯಿತು. ಅಲ್ಲಿ ಕಟ್ಟಡ, ಮೂರ್ತಿ ಅಂತ ದೊಡ್ಡದೇನೂ ಇಲ್ಲ. ದಿಬ್ಬದ ಮೇಲೆ ನಿಂತರೆ ಕೆಳಗೆ ಒಣಗಿದ ಹಳ್ಳದ ತಿರುವು, ಹಳ್ಳದ ಗುಂಟ ಕಾಟನ್‌ವುಡ್ ಮರಗಳು. ಹಳ್ಳದ ದಂಡೆಯ ಮರಳು ಕೆದರಿ ಅಡಗಿಕೊಂಡಿದ್ದರಂತೆ ಜನ. ಅಷ್ಟು ದಿನ ನಾನು ಬೈದುಕೊಂಡು ಬಂದ ಗಾಳಿ ಅಲ್ಲೂ ಬೀಸುತ್ತಿತ್ತು. ಅವತ್ತು ಬೈಯಲು ಬಾಯಿ ಬರಲಿಲ್ಲ. ತೆರೆದಿರುವ ದಿನ ನೋಡಿಕೊಂಡು ಹೋಗಿ, ನೀರು ಜಾಸ್ತಿ ಒಯ್ಯಿರಿ, ನೆರಳು ಕಡಿಮೆ. ಒಂದು ದಿನ ಇದಕ್ಕೆ ಅಂತಲೇ ಇಟ್ಟುಕೊಳ್ಳಿ. ಅದರಿಂದ ಪ್ವೆಬ್ಲೊ ತಪ್ಪಿದರೂ ತಪ್ಪಲಿ.

ಪಿಟ್ಸ್‌ಬರ್ಗ್‌ಗೆ ಹೊರಡುವ ಮುಂಚೆ ವಿಚಿಟಾ ಕಡೆ ಬರುವುದಿದ್ದರೆ ತಿಳಿಸಿ. ಹಿಂದಿನ ಚಕ್ರವನ್ನು ಒಮ್ಮೆ ನಾನೂ ನೋಡುತ್ತೇನೆ. ಕಡಕ್ ರೊಟ್ಟಿ ಕೊಟ್ಟು ಕಳಿಸುತ್ತೇವೆ, ಈ ಸಲ ಮೊದಲೇ ಮುರಿದು ಡಬ್ಬಿಗೆ ತುಂಬಿ.